ಕೈ ಕಟ್ಟಿಸಿ ಪಾಠ ಹೇಳಿದ ಕಾಲ

ಕಿವುಡ ಮಕ್ಕಳಿಗೆ ಸನ್ನೆ ಭಾಷೆ ಕಲಿಸಬೇಕೋ ಬೇಡವೋ? ಕಾನೂನು ಬೇಕು ಅನ್ನುತ್ತದೆ. ಎಷ್ಟೋ ಮನೆಗಳಲ್ಲಿ ಮಾತ್ರ 'ಸನ್ನೆ ಕಲಿತರೆ ಮಾತೇ ಬರಲ್ಲ' ಅನ್ನೋ ಭಯ ಹೋಗಿಲ್ಲ.

ಈ ಭಯದ ಬೇರು ಹಳೆಯದು. ಹುಟ್ಟುಕಿವುಡರಿಗೆ ಆಸ್ತಿಯಲ್ಲಿ ಪಾಲಿಲ್ಲ ಎಂದು ಮನುಸ್ಮೃತಿ ಹೇಳಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಬಹುಪಾಲು ಹಿಂದೂಗಳ ಮಟ್ಟಿಗೆ ಆ ತಡೆ ಹೋಗಿದ್ದು 1928ರ ಕಾನೂನಿನಿಂದ. ಅಷ್ಟರಲ್ಲಿ ಶಾಲೆಯೊಳಗೆ ಇನ್ನೊಂದು ತಡೆ ಬಂದಾಗಿತ್ತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಶಿಕ್ಷಕರ ಸಮ್ಮೇಳನ ನಡೆಯಿತು. ಇನ್ನು ಮುಂದೆ ಸನ್ನೆ ಬೇಡ, ಬರೀ ಮಾತಿನಲ್ಲೇ ಪಾಠ ಎಂದು ತೀರ್ಮಾನವಾಯಿತು. ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ! 1885ರಲ್ಲಿ ಮುಂಬೈ, 1893ರಲ್ಲಿ ಕೋಲ್ಕತ್ತಾದ ಕಿವುಡರ ಶಾಲೆಗಳು ಶುರುವಾದಾಗ ಬೀಸುತ್ತಿದ್ದದ್ದು ಇದೇ ಗಾಳಿ.

ಆ ಪಾಠ ಹೇಗಿರುತ್ತಿತ್ತು? ಮಗು ಟೀಚರ್ ಗಂಟಲ ಮೇಲೆ ಕೈಯಿಟ್ಟು ಕಂಪನ ಹಿಡಿಯಬೇಕು. ಕನ್ನಡಿ ನೋಡಿ ತುಟಿ ಆಡಿಸಬೇಕು. 'ಪ' ಅಂದಾಗ ಬಾಯಿ ಮುಂದಿನ ಕಾಗದದ ಚೂರು ಅಲುಗಬೇಕು. ಕೈ ಆಡಿಸಿದರೆ ಏಟು, ಇಲ್ಲವೇ ಕೈ ಕಟ್ಟಿ ಕೂರುವ ಶಿಕ್ಷೆ. ತುಟಿ ನೋಡಿ ಮಾತು ತಿಳಿಯೋದು ಸುಲಭ ಅನ್ನಿಸಿದರೆ ಕನ್ನಡಿ ಮುಂದೆ ದನಿ ಹೊರಡಿಸದೆ 'ಪಾಪ', 'ಮಾಮ' ಅಂದು ನೋಡಿ. ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಒಂದೊಂದು ಪದ ಹೊರಡಿಸಲು ದಿನಗಟ್ಟಲೆ ಹೋದರೆ ಲೆಕ್ಕ, ವಿಜ್ಞಾನಕ್ಕೆ ಹೊತ್ತೆಲ್ಲಿ? ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗುವಿಗೆ 'ಬುದ್ಧಿ ಕಮ್ಮಿ' ಎಂಬ ಹಣೆಪಟ್ಟಿ ಬೇರೆ.

ಆದರೂ ಹಾಸ್ಟೆಲಿನಲ್ಲಿ, ಆಟದ ಬಯಲಲ್ಲಿ ಮಕ್ಕಳ ಕೈ ಸುಮ್ನೆ ಕೂರಲಿಲ್ಲ. ದೊಡ್ಡವರು ಕಿರಿಯರಿಗೆ ಕಲಿಸಿದರು. 1970ರ ದಶಕದಲ್ಲಿ, ಸ್ವತಃ ಕಿವುಡರಾದ ಮದನ್ ವಸಿಷ್ಠ ಮತ್ತು ಸಂಗಡಿಗರು ದೆಹಲಿ, ಮುಂಬೈ, ಕೋಲ್ಕತ್ತಾ, ಬೆಂಗಳೂರಿನ ಸನ್ನೆಗಳನ್ನು ಅಧ್ಯಯನ ಮಾಡಿದರು. ಅವುಗಳಿಗೆ ತಮ್ಮದೇ ವ್ಯಾಕರಣ ಇರುವುದು ಕಂಡಿತು.

ಆಮೇಲಿನದ್ದು ಬೇಗ ಹೇಳಬಹುದು. 2010ರಲ್ಲಿ ಅದೇ ಶಿಕ್ಷಕರ ಸಮ್ಮೇಳನ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಮಿಲಾನ್ ತೀರ್ಮಾನವನ್ನು ತಳ್ಳಿಹಾಕಿತು, 130 ವರ್ಷ ತಡವಾಗಿ. 2011ರಲ್ಲಿ ದೆಹಲಿ ಹೈಕೋರ್ಟ್ ಕಿವುಡರ ಡ್ರೈವಿಂಗ್ ಲೈಸೆನ್ಸಿಗೆ ದಾರಿ ಬಿಟ್ಟಿತು. 2015ರಲ್ಲಿ ದೆಹಲಿಯಲ್ಲಿ ಸನ್ನೆ ಭಾಷೆಯ ರಾಷ್ಟ್ರೀಯ ಕೇಂದ್ರ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸನ್ನೆ ಭಾಷೆಯನ್ನು ಒಪ್ಪಿತು. 2018ರಲ್ಲಿ 3,000 ಪದಗಳ ನಿಘಂಟೂ ಬಂತು.

2023ರ ಸೆಪ್ಟೆಂಬರಿನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಸುಪ್ರೀಂ ಕೋರ್ಟಿನ ಕಲಾಪಕ್ಕೆ ಹಾಜರಾದರು. ಅಂದು ಸನ್ನೆ ಅನುವಾದಕರನ್ನು ಗೊತ್ತು ಮಾಡಿದ್ದು ವಕೀಲರ ಕಡೆಯವರೇ. ಮುಂದಿನ ತಿಂಗಳು ಕೋರ್ಟೇ ಒಬ್ಬರನ್ನು ನೇಮಿಸಿತು. ಬ್ಯಾಂಕು, ಆಸ್ಪತ್ರೆಗಳಲ್ಲಿ ಈಗಲೂ ಅಣ್ಣನನ್ನೋ ಅಕ್ಕನನ್ನೋ ಜೊತೆಗೆ ಕರೆದೊಯ್ಯುವವರೇ ಜಾಸ್ತಿ. ಕೌಂಟರಿನಲ್ಲಿರುವವರು ಪ್ರಶ್ನೆ ಕೇಳುವುದೂ ಆ ಅಣ್ಣನನ್ನೇ.