ಕಾಲೇಜಿನ ಸೀಟು ಬೇರೆ, ಹಡಗಿನ ಬರ್ತ್ ಬೇರೆ

ಮೂರು ವರ್ಷ ವಿದೇಶದಲ್ಲಿ ನಾಟಿಕಲ್ ಸೈನ್ಸ್ ಓದಿ ಬಂದರೆ ಮಗ ಹಡಗಿನ ಅಧಿಕಾರಿ ಎಂಬ ಮಾತು ನಂಬಿ ಹೊಲ ಒತ್ತೆ ಇಡುವ ಮುಂಚೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ತಂದೆ-ತಾಯಿ ಒಂದು ವಿಷಯ ತಿಳಿದಿರಬೇಕು. ಕಾಲೇಜು ಕೊಡುವುದು ಪದವಿ ಅಥವಾ ಡಿಪ್ಲೊಮಾ. ಹಡಗು ನಡೆಸುವ ಅಧಿಕಾರ ಬರುವುದು ಒಂದು ದೇಶದ ಸರ್ಕಾರ ಕೊಡುವ ಸಿಒಸಿ ಎಂಬ ಪ್ರಮಾಣಪತ್ರದಿಂದ. ಅದಕ್ಕೆ ಅಂಕಪಟ್ಟಿಯ ಜೊತೆಗೆ ಸಮುದ್ರದಲ್ಲಿ ಕಳೆದ ತಿಂಗಳುಗಳ ಲೆಕ್ಕವೂ ಬೇಕು.

ಇದರ ಮೂಲ ಹಳೆಯದು. ಹಡಗಿನ ಕೆಲಸವನ್ನು ಮೊದಲು ಹಡಗಿನಲ್ಲೇ ಕಲಿಯುತ್ತಿದ್ದರು. ವಿದೇಶಕ್ಕೆ ಹೋಗುವ ಹಡಗಿನ ಕ್ಯಾಪ್ಟನ್‌ಗೂ ಅವನ ಕೈಕೆಳಗಿನ ಅಧಿಕಾರಿಗಳಾದ ಮೇಟ್‌ಗಳಿಗೂ ಪರೀಕ್ಷೆ ಕಡ್ಡಾಯ ಎಂದು ಬ್ರಿಟನ್ 1850ರಲ್ಲಿ ಕಾನೂನು ಮಾಡಿತು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಊರಿನ ಮೆರೀನ್ ಸ್ಕೂಲ್ ಶುರುವಾದದ್ದು 1861ರಲ್ಲಿ. ಅಂದರೆ ಪರೀಕ್ಷೆ ಮೊದಲು ಬಂತು, ಅದಕ್ಕೆ ತಯಾರು ಮಾಡುವ ಕಾಲೇಜು ಆಮೇಲೆ. ಇವತ್ತಿಗೂ ಕಾಲೇಜು ತಯಾರು ಮಾಡುತ್ತದೆ, ಅಧಿಕಾರ ಕೊಡುವುದು ಸರ್ಕಾರದ ಪರೀಕ್ಷೆಯೇ.

ನಮ್ಮಲ್ಲಿ 1927ರಲ್ಲಿ ಮುಂಬೈಯಲ್ಲಿ ಡಫರಿನ್ ತರಬೇತಿ ಹಡಗು ಬಂದ ಮೇಲೆ ಭಾರತೀಯ ಹುಡುಗರಿಗೆ ಇಲ್ಲಿಯೇ ದಾರಿ ತೆರೆಯಿತು. 1972ರಲ್ಲಿ ಅದರ ಜಾಗಕ್ಕೆ ರಾಜೇಂದ್ರ ಬಂತು, 1993ರಲ್ಲಿ ನವಿ ಮುಂಬೈಯ ನೆಲದ ಮೇಲೆ ಚಾಣಕ್ಯ ತರಬೇತಿ ಸಂಸ್ಥೆ. 2008ರಿಂದ ಚೆನ್ನೈ ಕೇಂದ್ರದ ಭಾರತೀಯ ಕಡಲ ವಿಶ್ವವಿದ್ಯಾಲಯ, ಅಂದರೆ ಐಎಂಯು ಇದೆ. ಪ್ರವೇಶ ಅದರದೇ ಸಿಇಟಿ ಮೂಲಕ. ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ರಾಜ್ಯದ ಕಾಲೇಜುಗಳಿಗೆ ಸೇರಿದ್ದು. ಈ ಕೇಂದ್ರೀಯ ಸೀಟಿಗೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಒಂದು ದೇಶದ ಪ್ರಮಾಣಪತ್ರವನ್ನು ಇನ್ನೊಂದು ದೇಶ ನಂಬುವುದು ಹೇಗೆ? ಇದಕ್ಕೆಂದೇ 1978ರಲ್ಲಿ ನಾವಿಕರ ತರಬೇತಿ, ಪ್ರಮಾಣಪತ್ರ, ಕಾವಲಿನ ಬಗ್ಗೆ ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ಒಪ್ಪಂದವಾಯಿತು. 1995ರಲ್ಲಿ ಅದನ್ನು ಬಿಗಿ ಮಾಡಿದರು, 2010ರಲ್ಲಿ ಮನಿಲಾದಲ್ಲಿ ಮತ್ತೆ ತಿದ್ದಿದರು. ಅದರ ಪ್ರಕಾರ ಮೊದಲ ಹಂತದ ಡೆಕ್ ಅಧಿಕಾರಿಗೆ, ಅಂದರೆ ಹಡಗು ನಡೆಸುವ ಅಧಿಕಾರಿಗೆ, ಮಾನ್ಯ ತರಬೇತಿ ಪಡೆದಿದ್ದರೆ ಕನಿಷ್ಠ 12 ತಿಂಗಳ ಸಮುದ್ರ ಸೇವೆ ಬೇಕು. ಇಲ್ಲದಿದ್ದರೆ 36 ತಿಂಗಳು. ಎರಡರಲ್ಲೂ ಕನಿಷ್ಠ ಆರು ತಿಂಗಳು ಅಧಿಕಾರಿಯ ಕಣ್ಣಳತೆಯಲ್ಲಿ ಬ್ರಿಡ್ಜ್, ಅಂದರೆ ಹಡಗು ನಡೆಸುವ ಕೋಣೆಯ ಕಾವಲು ಮಾಡಿರಬೇಕು.

ಇಷ್ಟು ತಿಂಗಳು ಏಕೆ ಎಂದು ಕೇಳುವವರಿಗೆ ನಮ್ಮ ಅದಿರೇ ಉತ್ತರ. 2009ರ ಜುಲೈನಲ್ಲಿ ಕಬ್ಬಿಣದ ಅದಿರಿನ ಫೈನ್ಸ್, ಅಂದರೆ ಪುಡಿ, ತುಂಬಿಕೊಂಡು ಮಂಗಳೂರು ಬಿಟ್ಟ ಏಷ್ಯನ್ ಫಾರೆಸ್ಟ್ ಹಡಗು ವಾಲಿ ಮುಳುಗಿತು. ನೆನೆದ ಫೈನ್ಸ್ ಲಾರಿಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಅಲೆಯ ಹೊಡೆತ, ಎಂಜಿನ್ನಿನ ಅದುರಾಟಕ್ಕೆ ಕೆಸರಾಗಿ ಒಂದೇ ಮಗ್ಗುಲಿಗೆ ಜಾರುತ್ತದೆ. ತರಬೇತಿಯಲ್ಲಿರುವ ಡೆಕ್ ಕೆಡೆಟ್ ಇದಕ್ಕೊಂದು ಡಬ್ಬಿ ಪರೀಕ್ಷೆ ಕಲಿಯುತ್ತಾನೆ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಯುವ ಡಬ್ಬಿಗೆ ಅರ್ಧದಷ್ಟು ಅದಿರು ಹಾಕಿ, ಸುಮಾರು 20 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ, ಒಂದೆರಡು ಸೆಕೆಂಡು ಬಿಟ್ಟು ಬಿಟ್ಟು ಕುಟ್ಟಬೇಕು. ಮೇಲೆ ನೀರು ಒಸರಿದರೆ, ಲ್ಯಾಬಿನ ಹೊಸ ವರದಿ ಬರುವವರೆಗೆ ಸರಕು ಏರಿಸುವ ಹಾಗಿಲ್ಲ. ಒಸರದಿದ್ದರೂ ಅದಿರು ಸುರಕ್ಷಿತ ಎಂದು ಹೇಳಲಾಗದು. ಮಳೆಯಲ್ಲಿ ಲೋಡಿಂಗ್ ನಡೆಯುವಾಗ, ಬೇಗ ತುಂಬಿಸಿ ಎಂಬ ಒತ್ತಡದ ನಡುವೆ ಬೇಡ ಅನ್ನುವ ಧೈರ್ಯ ತರಗತಿಯಲ್ಲಿ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಈ ಓದು ಕಾಲೇಜು, ಸಮುದ್ರ, ಮತ್ತೆ ಕಾಲೇಜು ಎಂದು ಹಂತಹಂತವಾಗಿ ಸುಮಾರು ಮೂರು ವರ್ಷ ನಡೆಯುತ್ತದೆ. ಕೊನೆಗೆ ಅಲ್ಲಿನ ಸರ್ಕಾರದ ಕಡಲ ಸಂಸ್ಥೆಯಾದ ಎಂಸಿಎ ಮೌಖಿಕ ಪರೀಕ್ಷೆ ಇರುತ್ತದೆ. ಸಾಮಾನ್ಯವಾಗಿ ಕೆಡೆಟ್‌ಗಳನ್ನು ಪ್ರಾಯೋಜಿಸಿ ಹಡಗು ಹತ್ತಿಸುವುದು ಶಿಪ್ಪಿಂಗ್ ಕಂಪನಿ. ಕೆಲಸ ಕೆಡುವುದು ಇಲ್ಲಿಯೇ. ಪ್ರಾಯೋಜಕರಿಲ್ಲದೆ ಫೀಸು ಕಟ್ಟಿ ಸೇರಿದವರು ಮೊದಲ ಕಾಲೇಜು ಹಂತ ಮುಗಿಸಿ ಬರ್ತ್‌ಗಾಗಿ, ಅಂದರೆ ಹಡಗಿನಲ್ಲಿ ತರಬೇತಿಯ ಜಾಗಕ್ಕಾಗಿ, ಕಾಯುತ್ತಾರೆ. ವೀಸಾದ ಅವಧಿ ಮಾತ್ರ ಓಡುತ್ತಲೇ ಇರುತ್ತದೆ. ಆದ್ದರಿಂದ ಫೀಸಿಗೆ ಮೊದಲು ಬರವಣಿಗೆಯಲ್ಲಿ ಕೇಳಿ: ಹಡಗು ಹತ್ತಿಸುವ ಕಂಪನಿ ಯಾವುದು, ಎಷ್ಟು ತಿಂಗಳು, ಬರ್ತ್ ತಪ್ಪಿದರೆ ಹೊಣೆ ಯಾರದು? ಬರ್ತ್ ಸಿಕ್ಕ ಮೇಲೂ ತರಬೇತಿ ಪುಸ್ತಕಕ್ಕೆ ಅಧಿಕಾರಿಯ ಸಹಿ ಆಗಾಗಲೇ ಹಾಕಿಸಿಕೊಳ್ಳಬೇಕು. ಹಡಗು ಇಳಿದ ಮೇಲೆ ಕ್ಯಾಪ್ಟನ್ನರನ್ನು ಹುಡುಕಿ ಸಹಿ ಪಡೆಯುವುದು ದೊಡ್ಡ ಪಾಡು.

ಭಾರತದ ಧ್ವಜದ ಹಡಗಿನಲ್ಲಿ ದುಡಿಯಬೇಕೆಂದರೆ ವಿದೇಶಿ ಸಿಒಸಿಗೆ ಇಲ್ಲಿನ ಸರ್ಕಾರದ ಮಾನ್ಯತೆ ಬೇಕು. ಅದು ತಾನಾಗಿ ಬರುವುದಿಲ್ಲ. ಹೋಗುವ ಮೊದಲೇ ಮುಂಬೈಯಲ್ಲಿರುವ ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್‌ಗೆ ಕೋರ್ಸಿನ ಹೆಸರು ಬರೆದು ಕೇಳುವುದು ಒಳ್ಳೆಯದು. ಹಡಗಿನ ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳುವ ಏಜೆಂಟನನ್ನು ಅಲ್ಲಿಗೇ ಬಿಡಿ. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ನಾವಿಕನಿಂದ ನೇಮಕಾತಿ ಶುಲ್ಕ ಪಡೆಯುವಂತಿಲ್ಲ, ಮತ್ತು ಭಾರತ ಅದನ್ನು ಒಪ್ಪಿಕೊಂಡಿದೆ.

ಇದೆಲ್ಲಕ್ಕೂ ಮುಂಚೆ, ಸಾಲದ ಅರ್ಜಿಗೂ ಮುಂಚೆ, ಕಣ್ಣು ತೋರಿಸಿ. ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಕತ್ತಲಲ್ಲಿ ಎದುರಿನ ಹಡಗು ಯಾವ ಕಡೆಗೆ ಹೊರಟಿದೆ ಎಂದು ಬರಿಗಣ್ಣಿಗೆ ಹೇಳುವುದು ಆ ಎರಡು ಬಣ್ಣಗಳೇ. ಬಣ್ಣಗುರುಡು ಇದ್ದವರಿಗೆ ಡೆಕ್ ಅಧಿಕಾರಿಯ ದಾರಿ ಮುಚ್ಚಿದೆ, ಕನ್ನಡಕ ಅದನ್ನು ಸರಿಮಾಡದು. ಎಷ್ಟೋ ಹುಡುಗರಿಗೆ ತಮಗೆ ಅದಿದೆ ಎಂದು ಗೊತ್ತೇ ಇರುವುದಿಲ್ಲ. ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಶಿಹಾರ ಪರೀಕ್ಷೆಯನ್ನು ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕಣ್ಣಿನ ಡಾಕ್ಟರು ಹತ್ತೇ ನಿಮಿಷದಲ್ಲಿ ಮಾಡಿಕೊಡುತ್ತಾರೆ.