ಗಿನಿ ಕೋಳಿ ಸಾಕಿದರೆ ಹುಳಹುಪ್ಪಡಿ ಕಾಟ ತಪ್ಪುತ್ತಾ?

ಓದುಗರ ಪ್ರಶ್ನೆ: ಸರ್, ನಮ್ಮದು ಜಮಖಂಡಿ ಕಡೆ ತೋಟದ ಮನಿ. ಎರಡು ಎಮ್ಮಿ, ಒಂದು ಆಕಳ ಅದಾವ. ಮನಿ ಮುಂದ ಸ್ವಲ್ಪ ಕಾಯಿಪಲ್ಲೆ, ಹಿಂದ ಕಬ್ಬು. ದನಕ್ಕ ಉಣ್ಣಿ ಕಾಟ ಭಾಳ. ಮಿಡತಿ, ಗೆದ್ದಲ ಅಂತೂ ಕೇಳಬ್ಯಾಡ್ರಿ. ಮಳಿಗಾಲಕ್ಕ ಹಾವು ಅಂಗಳಕ್ಕ ಬರ್ತಾವ. ಗಿನಿ ಕೋಳಿ ಸಾಕಿದ್ರ ಇವೆಲ್ಲಾ ಹೋಗ್ತಾವ ಅಂತಾರ. ಖರೇನ್ರೀ?

ಉತ್ತರ: ಅರ್ಧ ಖರೆ. ಉಳಿದರ್ಧ ಬಾಯಿಂದ ಬಾಯಿಗೆ ಬೆಳೆದದ್ದು.

ಗಿನಿ ಕೋಳಿ ಹುಳ ಹಿಡಿಯುವುದರಲ್ಲಿ ನಮ್ಮ ಜವಾರಿ ಕೋಳಿಗಿಂತ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹಿಡಿಯುವುದು ನೆಲದ ಮೇಲೆ, ಹಗಲು ಹೊತ್ತಿನಲ್ಲಿ, ಕೊಕ್ಕಿಗೆ ನಿಲುಕಿದ್ದನ್ನು ಮಾತ್ರ. ಆದ್ದರಿಂದ ಮರಿ ತರುವ ಮುಂಚೆ ನಿಮಗೆ ಕಾಟ ಕೊಡುವ ಒಂದೊಂದು ಹುಳದ ಬಗ್ಗೆಯೂ ಎರಡು ವಿಷಯ ನೋಡಿಕೊಳ್ಳಿ. ಅದು ಇರುವುದು ಎಲ್ಲಿ? ಹೊರಗೆ ಬರುವುದು ಯಾವಾಗ? ಇಷ್ಟು ಗೊತ್ತಾದರೆ ಗಿನಿ ಕೋಳಿ ನಿಮ್ಮ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ನಿಮಗೇ ತಿಳಿಯುತ್ತದೆ.

ಮೊದಲು ಉಣ್ಣಿ ನೋಡೋಣ. ದನದ ಮೈಮೇಲೆ ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ಕೊನೆಗೆ ತಾನೇ ಕೆಳಗೆ ಬೀಳುತ್ತದೆ. ಬಿದ್ದ ಮೇಲೆ ದೂರ ಹೋಗುವುದಿಲ್ಲ. ದಂದಕ್ಕಿಯ ಬುಡ, ಗೋಡೆಯ ಸಂದು, ಸೀಳು ಬಿಟ್ಟ ನೆಲ, ಇಂಥ ಕಡೆ ಸೇರಿಕೊಂಡು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಬಿದ್ದದ್ದಕ್ಕೂ ಸಂದು ಸೇರುವುದಕ್ಕೂ ನಡುವಿನ ಹೊತ್ತಿನಲ್ಲಿ ಕೋಳಿ ಅಲ್ಲಿದ್ದರೆ ಆ ಉಣ್ಣಿ ಮುಗಿಯಿತು, ಅದರ ಸಾವಿರಾರು ಮರಿಗಳೂ ಮುಗಿದವು. ದನ ಹೊರಗೆ ಹೊಡೆದ ಮೇಲೆ ಬೆಳಿಗ್ಗೆ ಕೊಟ್ಟಿಗೆಗೆ ಗಿನಿ ಕೋಳಿ ಬಿಡಿ ಅಂತ ಹೇಳುವುದು ಅದಕ್ಕೇ. ಅಮೆರಿಕದ ನ್ಯೂಯಾರ್ಕ್ ಕಡೆ ಜಿಂಕೆ ಉಣ್ಣಿಯ ಮೇಲೆ ನಡೆದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಗಿತ್ತು. ಗಿನಿ ಕೋಳಿ ಓಡಾಡುವ ಹುಲ್ಲು ಹಾಸಿನಲ್ಲಿ ಬೆಳೆದ ಉಣ್ಣಿ ಕಡಿಮೆಯಾಗಿದ್ದು ಅದರಲ್ಲಿ ಕಂಡುಬಂತು. ಗಿನಿ ಕೋಳಿ ಅಂದರೆ ಉಣ್ಣಿಗೆ ಮದ್ದು ಅನ್ನುವ ಮಾತು ಜಗತ್ತಿಗೆಲ್ಲ ಹಬ್ಬಿದ್ದು ಬಹುಮಟ್ಟಿಗೆ ಅಲ್ಲಿಂದಲೇ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಉಣ್ಣಿ ಮರಿ ಕೋಳಿಯ ಕಣ್ಣಿಗೂ ಬೀಳುವುದು ಕಷ್ಟ. ಇನ್ನು ಎಮ್ಮೆಯ ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ ಕೂತದ್ದನ್ನು ಯಾವ ಕೋಳಿಯೂ ತೆಗೆಯುವುದಿಲ್ಲ. ಪಶು ವೈದ್ಯರು ಕೊಡುವ ಔಷಧಿ ನಿಲ್ಲಿಸಬೇಡಿ.

ಮಿಡತೆಗೆ ಮಾತ್ರ ಈ ಕೋಳಿ ನಿಜವಾದ ಯಮ. ಬದುವಿನ ಹುಲ್ಲಿನಲ್ಲಿ ಹಿಂಡು ನಡೆಯುವುದನ್ನು ಒಮ್ಮೆ ನಿಂತು ನೋಡಬೇಕು. ಹತ್ತಾರು ಕೋಳಿ ಅಡ್ಡಸಾಲಾಗಿ ಮುಂದೆ ಸಾಗುತ್ತವೆ. ಮುಂದಿನ ಕೋಳಿಯ ಕಾಲಿಗೆ ಬೆದರಿ ಹಾರಿದ ಮಿಡತೆ ಪಕ್ಕದ ಕೋಳಿಯ ಬಾಯಿಗೆ ಬೀಳುತ್ತದೆ. ಎಲ್ಲವೂ ತಲೆ ಬಗ್ಗಿಸಿದ್ದರೂ ಒಂದು ಮಾತ್ರ ಕುತ್ತಿಗೆ ಎತ್ತಿ ನಿಂತಿರುತ್ತದೆ, ಕಾವಲಿಗೆ. ನಡುನಡುವೆ ಹುಲ್ಲಿನ ತೆನೆಯನ್ನು ಬುಡದಿಂದ ತುದಿವರೆಗೆ ಕೊಕ್ಕಿನಲ್ಲಿ ಸವರಿ ಬೀಜ ಉದುರಿಸಿಕೊಳ್ಳುತ್ತವೆ. ಕಳೆಯ ಬೀಜವೂ ಅಷ್ಟು ಕಡಿಮೆಯಾಯಿತಲ್ವಾ.

ಗೆದ್ದಲಿನದು ಬೇರೆ ಕಥೆ. ಗೋಡೆ ಮೇಲೆ ಕಟ್ಟಿದ ಮಣ್ಣಿನ ಹಾದಿ ಒಡೆದು ಕೊಟ್ಟರೆ ಕೋಳಿ ಖುಷಿಯಿಂದ ತಿನ್ನುತ್ತದೆ. ಮೊದಲ ಮಳೆಗೆ ರೆಕ್ಕೆ ಮೂಡಿ ಏಳುವ ಗೆದ್ದಲಂತೂ ಅವಕ್ಕೆ ಹಬ್ಬದೂಟ. ಆದರೆ ರಾಣಿ ಇರುವುದು ನೆಲದಾಳದಲ್ಲಿ. ಅದು ಉಳಿದರೆ ಗೂಡು ಉಳಿದ ಹಾಗೆಯೇ.

ಈಗ ಕಬ್ಬು. ಇಲ್ಲಿ ನಿಮ್ಮ ಆಸೆಗೆ ತಣ್ಣೀರು ಎರಚಲೇಬೇಕು. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳು ಇರುವುದು ಮಣ್ಣಿನೊಳಗೆ. ಅದರ ದುಂಬಿ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೊರಗೆ ಬಂದು ಬೇವು, ಜಾಲಿ ಗಿಡದ ಮೇಲೆ ಕೂಡುತ್ತದೆ. ಬರುವುದು ಮುಸ್ಸಂಜೆ ದಾಟಿದ ಮೇಲೆ, ಗಿನಿ ಕೋಳಿ ಗೂಡು ಸೇರುವ ಹೊತ್ತಿಗೆ. ಇಬ್ಬರಿಗೂ ಭೇಟಿಯೇ ಇಲ್ಲ! ಹೊಲ ಹೊಡೆಯುವಾಗ ಮಾತ್ರ ಒಳ್ಳೆಯ ಅವಕಾಶ. ನೇಗಿಲಿಗೆ, ರೆಂಟೆಗೆ ಮಗುಚಿ ಮೇಲೆ ಬಂದ ಬಿಳಿ ಗೊಣ್ಣೆಗಳನ್ನು ಬೆಳ್ಳಕ್ಕಿಗಳ ಜೊತೆ ನಿಮ್ಮ ಕೋಳಿಗಳೂ ಹೆಕ್ಕುತ್ತವೆ. ಕಾಂಡ ಕೊರಕ ಕಾಂಡದೊಳಗಿರುತ್ತದೆ. ತೊಗರಿ, ಕಡಲೆಯ ಕಾಯಿಕೊರಕ ಗಿಡದ ಮೇಲಿರುತ್ತದೆ. ತೊಗರಿ ಗಿಡ ಅಲುಗಾಡಿಸಿ ಹುಳ ಉದುರಿಸುವ ಹಳೆಯ ಪದ್ಧತಿ ನಿಮ್ಮಲ್ಲಿ ಇನ್ನೂ ಇದ್ದರೆ, ಉದುರಿದ್ದನ್ನು ಕೋಳಿ ನೋಡಿಕೊಳ್ಳುತ್ತದೆ. ತಾನಾಗಿ ಗಿಡ ಹತ್ತಿ ಹುಡುಕುವುದಿಲ್ಲ.

2002ರ ನಂತರ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದದ್ದು ಈ ಭಾಗದ ಹಿರಿಯರಿಗೆ ಮರೆತಿರಲಿಕ್ಕಿಲ್ಲ. ಎಲೆಯ ಕೆಳಗೆಲ್ಲ ಸುಣ್ಣ ಬಳಿದ ಹಾಗೆ ಕಾಣುತ್ತಿತ್ತು. ಅದನ್ನು ಹತೋಟಿಗೆ ತಂದದ್ದು ಡೈಫಾ, ಮೈಕ್ರೋಮಸ್ ಎಂಬ ಸಣ್ಣ ಮಿತ್ರ ಕೀಟಗಳು. ಯಾಕೆ ಈ ಮಾತು ತೆಗೆದೆ ಅಂದರೆ, ಗಿನಿ ಕೋಳಿಗೆ ಮಿತ್ರ ಯಾರು ಶತ್ರು ಯಾರು ಗೊತ್ತಿಲ್ಲ. ಜೇಡ, ಗುಲಗಂಜಿ ಹುಳ, ಸೂರ್ಯನ ಕುದುರೆ, ಎದುರಿಗೆ ಬಂದದ್ದೆಲ್ಲ ಹೊಟ್ಟೆಗೆ. ಹೊಲದ ಕೀಟ ನಿಯಂತ್ರಣವನ್ನು ಪೂರ್ತಿ ಅದರ ಮೇಲೆ ಬಿಟ್ಟು ಕೂರುವುದನ್ನು ನಾನಂತೂ ಒಪ್ಪುವುದಿಲ್ಲ. ಮನೆ ಅಂಗಳ, ಕೊಟ್ಟಿಗೆ, ತಿಪ್ಪೆ, ಬದು, ಹಣ್ಣಿನ ಗಿಡದ ಬುಡ, ಇಷ್ಟು ಅದರ ಸೀಮೆ. ಆ ಸೀಮೆಯಲ್ಲಿ ಅದು ಕೂಲಿ ಕೇಳದ ಆಳು.

ವಿಜಯಪುರ ಕಡೆಯವರು ದ್ರಾಕ್ಷಿ ತೋಟದಲ್ಲಿ ಬಿಡಬಹುದಾ ಅಂತ ಕೇಳುತ್ತಾರೆ. ಚಪ್ಪರ ಎತ್ತರ ಇರುವುದರಿಂದ ಕೆಳಗೆ ಓಡಾಡಿದರೆ ಬೆಳೆಗೆ ತೊಂದರೆ ಕಡಿಮೆ, ಜೋತುಬಿದ್ದ ಗೊನೆ ಮಾತ್ರ ಉಳಿಯುವುದಿಲ್ಲ. ಆದರೆ ದ್ರಾಕ್ಷಿಗೆ ಹೊಡೆಯುವಷ್ಟು ಔಷಧಿ ಬೇರೆ ಯಾವ ಬೆಳೆಗೆ ಹೊಡೆಯುತ್ತಾರೆ ಹೇಳಿ? ವಿಷ ತಿಂದು ಒದ್ದಾಡುವ ಹುಳವೇ ಕೋಳಿಗೆ ಸುಲಭದ ತುತ್ತು. ಸಿಂಪಡಣೆ ನಡೆಯುವ ತೋಟಕ್ಕೆ ಬಿಡಲೇಬೇಡಿ.

ಹಾವಿನ ವಿಷಯಕ್ಕೆ ಬರೋಣ. ಸಣ್ಣ ಹಾವಿನ ಮರಿ ಸಿಕ್ಕರೆ ಗಿನಿ ಕೋಳಿ ಕುಕ್ಕಿ ಕೊಲ್ಲಬಹುದು. ದೊಡ್ಡ ನಾಗರಹಾವು ಬಂದರೆ ಸುತ್ತ ನಿಂತು ಊರೇ ಕೇಳುವ ಹಾಗೆ ಕಿರುಚುತ್ತವೆ, ಅಷ್ಟೇ. ಹಗಲಿನಲ್ಲಿ ಅದೂ ದೊಡ್ಡ ಉಪಕಾರವೇ, ಹಾವು ಎಲ್ಲಿದೆ ಅಂತ ನಿಮಗೆ ಗೊತ್ತಾಗುತ್ತದಲ್ಲ. ಆದರೆ ಕಟ್ಟುಹಾವಿನಂಥವು ಓಡಾಡುವುದು ರಾತ್ರಿ. ಚೇಳೂ ಅಷ್ಟೇ. ಆಗ ಕೋಳಿ ನಿದ್ದೆಯಲ್ಲಿರುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೋಳಿಗೆ ಹಾಕಿದ ಕಾಳು ರಾತ್ರಿ ಅಲ್ಲೇ ಚೆಲ್ಲಿದ್ದರೆ ಇಲಿ, ಹೆಗ್ಗಣ ಬರುತ್ತವೆ. ಅವುಗಳ ಹಿಂದೆ ಹಾವು ಬರುತ್ತದೆ. ಹಾವು ಬಾರದಿರಲಿ ಅಂತ ಕೋಳಿ ತಂದು ನೀವೇ ಹಾವಿಗೆ ಹಾದಿ ಮಾಡಿಕೊಟ್ಟ ಹಾಗಾಗುತ್ತದೆ. ಕಾಳಿನ ತಟ್ಟೆ ಸಂಜೆಯೇ ಎತ್ತಿಡಿ, ನೆಲ ಗುಡಿಸಿ.

ಕಾಯಿಪಲ್ಲೆ ಮಡಿಗೆ ಜವಾರಿ ಕೋಳಿ ನುಗ್ಗಿದರೆ ಕೆದರಿ ಗುಂಡಿ ಮಾಡುತ್ತದೆ. ಗಿನಿ ಕೋಳಿ ಅಷ್ಟು ಕೆದರುವುದಿಲ್ಲ. ಹಾಗಂತ ಸಾಧು ಅಂದುಕೊಳ್ಳಬೇಡಿ. ಮೆಂತ್ಯ, ಕೊತ್ತಂಬರಿ, ರಾಜಗಿರಿಯ ಎಳೆ ಸುಳಿ ಚಿವುಟುತ್ತದೆ, ಹಣ್ಣಾದ ಟೊಮ್ಯಾಟೊ ಕುಕ್ಕುತ್ತದೆ. ಸಸಿ ಬಲಿಯುವವರೆಗೆ ಮಡಿಗೆ ಹಳೆ ಸೀರೆಯದ್ದೋ ಬಲೆಯದ್ದೋ ಬೇಲಿ ಇರಲಿ.

ಇಷ್ಟಾದರೂ ಸಾಕುವ ಮನಸ್ಸಿದ್ದರೆ, ಸಾಕಿ. ನಮ್ಮ ಒಣ ಸೀಮೆಗೆ ಇದು ಹೇಳಿ ಮಾಡಿಸಿದ ಹಕ್ಕಿ. ಮೂಲ ಆಫ್ರಿಕಾದ ಹುಲ್ಲುಗಾವಲು. ನೆರಳು, ನೀರು ಇದ್ದರೆ ಬಾಗಲಕೋಟೆ, ವಿಜಯಪುರದ ಬಿಸಿಲು ತಡೆದುಕೊಳ್ಳುತ್ತದೆ. ಜವಾರಿ ಕೋಳಿಗಿಂತ ರೋಗವೂ ಕಡಿಮೆ. ಆದರೂ ಕೊಕ್ಕರೆ ರೋಗದ ಲಸಿಕೆ ಬಿಡಬೇಡಿ. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಾದಂಬರಿ, ಚಿತಾಂಬರಿ, ಶ್ವೇತಾಂಬರಿ ಎಂಬ ಮೂರು ತಳಿ ಕೊಟ್ಟಿದೆ. (ಹೆಸರು ಕೇಳಿದರೆ ಧಾರಾವಾಹಿಯ ಅತ್ತೆ-ಸೊಸೆಯರು ಅನ್ನಿಸುತ್ತದೆ.) ಮೈತುಂಬ ಮುತ್ತಿನಂಥ ಚುಕ್ಕಿ ಇರುವ ಬೂದು ಬಣ್ಣದ್ದು ನಮ್ಮ ಕಡೆ ಜಾಸ್ತಿ ಕಾಣುತ್ತದೆ.

ಬೆಳೆದ ಕೋಳಿಯನ್ನು ಸಂತೆಯಿಂದ ತಂದು ಅಂಗಳಕ್ಕೆ ಬಿಟ್ಟರೆ ಸಂಜೆಗೆ ಅದು ನಿಮ್ಮದಲ್ಲ. ಹಾರಿ ಹೋಗಿ ಯಾವುದೋ ಗಿಡದ ಮೇಲೆ ಕೂರುತ್ತದೆ. ರಾತ್ರಿ ಗೂಬೆಗೋ ಕಾಡುಬೆಕ್ಕಿಗೋ ಊಟ. ಮರಿಯನ್ನೇ ತನ್ನಿ. ಐದಾರಕ್ಕಿಂತ ಕಡಿಮೆ ಬೇಡ, ಇದು ಒಂಟಿಯಾಗಿ ಬದುಕುವ ಹಕ್ಕಿಯಲ್ಲ.

ಮರಿಗೆ ಮೊದಲ ವಾರ 35 ಡಿಗ್ರಿಯಷ್ಟು ಶಾಖ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಯನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಕೀಚಲು ದನಿ ತೆಗೆದರೆ ಚಳಿ. ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ನೀರಿನ ತಟ್ಟೆಯಲ್ಲಿ ಸಣ್ಣ ಕಲ್ಲು ತುಂಬಿ, ಕಲ್ಲಿನ ಸಂದಿನ ನೀರಷ್ಟೇ ಸಿಗಲಿ. ಬೆರಳಿನಷ್ಟು ಆಳದ ನೀರಿನಲ್ಲೂ ಇವು ಮುಳುಗಿ ಸಾಯುತ್ತವೆ. ಕೆಳಗೆ ಪೇಪರ್ ಹಾಸಬೇಡಿ, ಜಾರಿ ಕಾಲು ಸೊಟ್ಟಗಾಗುತ್ತದೆ. ಗೋಣಿಚೀಲ ಒಳ್ಳೆಯದು. ಆಹಾರದಲ್ಲಿ ಪ್ರೋಟೀನ್ 24 ಶೇಕಡಾ ಆಸುಪಾಸು ಇರಬೇಕು. ಬರೀ ನುಚ್ಚು ಹಾಕಿದರೆ ಮರಿ ಏಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವೈರಿ ಹಸಿ. ಖಾನಾಪುರದಂಥ ಮಳೆ ಜಾಸ್ತಿ ಇರುವ ಕಡೆಯವರು ಮಳೆಗಾಲಕ್ಕೆ ಮುಂಚೆಯೇ ಮರಿ ಬಲಿಯುವ ಹಾಗೆ ನೋಡಿಕೊಳ್ಳಬೇಕು. ಎರೆ ಭೂಮಿಯವರಿಗೆ ಇನ್ನೊಂದು ಕಷ್ಟ, ಹಸಿ ಮಣ್ಣು ಮರಿಯ ಬೆರಳಿಗೆ ಮೆತ್ತಿ ಉಂಡೆಗಟ್ಟುತ್ತದೆ. ಒಣ ಹಾಸು ಬಿಟ್ಟು ಹೊರಗೆ ಬಿಡಬೇಡಿ.

ಆರು ವಾರದ ಹೊತ್ತಿಗೆ ಪುಕ್ಕ ತುಂಬಿರುತ್ತದೆ. ಆಗ ದೊಡ್ಡ ಗೂಡಿಗೆ ಹಾಕಿ, ಆದರೆ ಹೊರಗೆ ಬಿಡಲು ಅವಸರ ಮಾಡಬೇಡಿ. ಮುಂದಿನ ಆರು ವಾರ ಜಾಳಿಗೆಯ ಹಿಂದಿನಿಂದಲೇ ನಿಮ್ಮ ಅಂಗಳ ನೋಡಲಿ. ಇಲ್ಲಿ ತಾಳ್ಮೆ ಕೆಟ್ಟವರೇ ಕೋಳಿ ಕಳೆದುಕೊಳ್ಳುವುದು. ದಿನಾ ಸಂಜೆ ಡಬ್ಬಿಯಲ್ಲಿ ಒಂದು ಹಿಡಿ ನವಣೆ ಅಥವಾ ಸಜ್ಜೆ ಹಾಕಿ ಗಲಗಲ ಅಲ್ಲಾಡಿಸಿ, ಆಮೇಲೆ ಉಣಿಸಿ. ಆ ಸದ್ದಿಗೆ ಓಡಿ ಬರುವುದು ರೂಢಿಯಾದ ಮೇಲೆ, ಕತ್ತಲಾಗಲು ಒಂದು ತಾಸು ಇರುವಾಗ ಎರಡು ಮೂರನ್ನು ಮಾತ್ರ ಹೊರಗೆ ಬಿಡಿ. ಬಳಗ ಒಳಗಿದ್ದರೆ ಹೊರಗಿನವು ದೂರ ಹೋಗುವುದಿಲ್ಲ, ಗೂಡಿನ ಸುತ್ತವೇ ಸುಳಿಯುತ್ತವೆ. ಡಬ್ಬಿ ಅಲ್ಲಾಡಿಸಿ, ಒಳಗೆ ಕರೆಯಿರಿ. ಹೀಗೆ ದಿನದಿನಕ್ಕೂ ಹೆಚ್ಚಿಸುತ್ತಾ ಹೋಗಿ. ಗೂಡಿನೊಳಗೆ ಕತ್ತಲಿದ್ದರೆ ಒಳಗೆ ಕಾಲಿಡುವುದಿಲ್ಲ, ಸಣ್ಣ ದೀಪ ಹಾಕಿ. ಕೂರಲು ಎದೆಯೆತ್ತರಕ್ಕೆ ಒಂದು ಬಿದಿರು ಕಟ್ಟಿ. ಮುಂಗುಸಿ ತೂರದಂಥ ಜಾಳಿಗೆ ಇರಲಿ. ಮನೆಯಲ್ಲಿ ಮುಧೋಳ ನಾಯಿ ಇದ್ದರೆ ಮೊದಮೊದಲು ಕಟ್ಟಿಹಾಕಿ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲೇ ಇದೆ, ಈ ಕೋಳಿಗೋ ಓಡುವುದೇ ಕಸುಬು.

ಹೆಣ್ಣು ಗಂಡು ಗುರುತಿಸಲು ಕೂಗು ಕೇಳಿ. ಎರಡು ತುಂಡಾಗಿ ಕೂಗುವುದು ಹೆಣ್ಣು ಮಾತ್ರ. ಗಂಡಿನದು ಒಂದೇ ಸಮನೆ ಚಿಟಚಿಟ. ಬೇಸಿಗೆಯಿಂದ ಮಳೆಗಾಲದವರೆಗೆ ಮೊಟ್ಟೆ ಇಡುತ್ತದೆ, ಅದೂ ಗೂಡಿನಲ್ಲಲ್ಲ, ಬೇಲಿಯ ಪೊದೆಯಲ್ಲಿ ಕದ್ದುಮುಚ್ಚಿ. ಸಿಕ್ಕರೆ ಎಲ್ಲ ಎತ್ತಬೇಡಿ, ನಾಲ್ಕೈದು ಬಿಟ್ಟರೆ ಅಲ್ಲೇ ಮತ್ತೆ ಇಡುತ್ತದೆ. ಮೊಟ್ಟೆ ಸಣ್ಣದು, ಸಿಪ್ಪೆ ಗಟ್ಟಿ. ತಾಯಿಯಾಗಿ ಇದು ಅಷ್ಟಕ್ಕಷ್ಟೇ, ಇಬ್ಬನಿ ಹುಲ್ಲಿನಲ್ಲಿ ಮರಿ ಎಳೆದುಕೊಂಡು ತಿರುಗುತ್ತದೆ. ಕಾವಿಗೆ ಕೂತ ಜವಾರಿ ಕೋಳಿಯ ಕೆಳಗೆ ಇಡುವುದೇ ವಾಸಿ. ಅದರ ಸ್ವಂತ ಮೊಟ್ಟೆಗೆ 21 ದಿನ ಸಾಕು, ಇದಕ್ಕೆ 26ರಿಂದ 28 ದಿನ ಬೇಕು. ಎರಡನ್ನೂ ಬೆರೆಸಿ ಇಡಬೇಡಿ. ತನ್ನ ಮರಿ ಹೊರಬಂದ ಕೂಡಲೇ ಕೋಳಿ ಎದ್ದು ಹೋಗುತ್ತದೆ.

ಕೊನೆಗೆ ಗದ್ದಲ. ಬೆಳಗಾಗುವುದರೊಳಗೆ ಶುರು ಮಾಡುತ್ತವೆ. ಹೊಸಬರು ಬಂದರೆ ಕೂಗು, ನಾಯಿ ಬಂದರೆ ಕೂಗು, ಗಾಳಿಗೆ ತಾಡಪಾಲ ಅಲುಗಿದರೂ ಕೂಗು. ತೋಟದ ಮನೆಗೆ ಇದು ಕಾವಲು. ಬಾಗಲಕೋಟೆ ನವನಗರದಂಥ ಕಡೆ, ಗೋಡೆಗೆ ಗೋಡೆ ಹತ್ತಿದ ಸೈಟಿನಲ್ಲಿ ಇದು ಜಗಳ. ಪೇಟೆಯವರು ಕೇಳಿದರೆ ಬೇಡ ಅಂತಲೇ ಹೇಳುತ್ತೇನೆ.

ನಿಮ್ಮದು ತೋಟದ ಮನೆ, ದನ ಇದೆ, ಬದು ಇದೆ. ನಿಮಗೆ ಒಗ್ಗುತ್ತದೆ. ಕಬ್ಬಿನ ಗೊಣ್ಣೆಗೆ ಏನು ಮಾಡಬೇಕು ಅನ್ನುವುದನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಬೇರೆಯಾಗಿ ಕೇಳಿಕೊಳ್ಳಿ. ದನಕ್ಕೆ ಉಣ್ಣಿ ಔಷಧಿ ಹಚ್ಚಿದ ದಿನ ಕೊಟ್ಟಿಗೆಗೆ ಕೋಳಿ ಬಿಡಬೇಡಿ. ಮತ್ತೆ, ಗಿನಿ ಕೋಳಿಗೆ ಬದುವಿನ ಗಡಿ ಗೊತ್ತಾಗುವುದಿಲ್ಲ. ಅಕ್ಕಪಕ್ಕದ ಹೊಲದವರಿಗೆ ಈಗಲೇ ಹೇಳಿಡಿ, ಔಷಧಿ ಹೊಡೆಯುವ ಹಿಂದಿನ ದಿನ ಒಂದು ಫೋನ್ ಮಾಡಲಿ. ಆ ಒಂದೆರಡು ದಿನ ಕೋಳಿ ಗೂಡಿನಲ್ಲೇ ಇರಲಿ.