ಔಷಧಿ ಸರಿಯಾಗಿ ನಿಲ್ಲುವುದೂ ಮುಖ್ಯ

ಜಂತುಹುಳುವಿನ ಔಷಧಿ ಕೊಟ್ಟರೆ ದನದ ಹೊಟ್ಟೆಯಲ್ಲಿದ್ದ ಹುಳುಗಳು ಸಾಯುತ್ತವೆ. ಆದರೆ ಅದು ಮೇಯುವ ಹುಲ್ಲಿನ ಮೇಲೆ ಹೊಸ ಮರಿಹುಳುಗಳು ಇದ್ದೇ ಇರುತ್ತವೆ. ಐವರ್‌ಮೆಕ್ಟಿನ್ ಎಂಬ ಜಂತುಹುಳು ಔಷಧಿಯ ಮಾಮೂಲಿ ಇಂಜೆಕ್ಷನ್ ಕೆಲವು ವಾರ ಕಾಯುತ್ತದೆ, ಅಷ್ಟೇ. ಆಮೇಲೆ ಹಿಂಡನ್ನೆಲ್ಲ ಮತ್ತೆ ಅಟ್ಟಿ ತಂದು, ಹಿಡಿದು ಚುಚ್ಚಬೇಕು. ಒಂದೇ ಸಲ ಚುಚ್ಚಿದರೆ ತಿಂಗಳುಗಟ್ಟಲೆ ಕಾಯುವ ಔಷಧಿ ಇದ್ದರೆ ಎಷ್ಟು ಚೆನ್ನ, ಅಲ್ವಾ?

ಅದಕ್ಕೊಂದು ದಾರಿ ಇದೆ. ಔಷಧಿಯನ್ನು ಪಾಲಿಮರ್‌ನ ಪುಟ್ಟ ಗುಂಡುಗಳಲ್ಲಿ ಹುದುಗಿಸಿ ಚರ್ಮದಡಿ ಬಿಡುವುದು. ಹೆಚ್ಚಾಗಿ ಬಳಸುವ ಪಾಲಿಮರ್ ಪಿಎಲ್‌ಜಿಎ. ಇದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಉದ್ದನೆಯ ಸರಪಳಿ. ಮೈಯೊಳಗಿನ ನೀರು ಅದನ್ನು ಮೆಲ್ಲಗೆ ತುಂಡರಿಸುತ್ತದೆ. ಉಳಿದ ಆಮ್ಲಗಳನ್ನು ದೇಹ ಅರಗಿಸಿಕೊಳ್ಳುತ್ತದೆ. ಎರಡೂ ಆಮ್ಲ ಸಮಪಾಲಿದ್ದರೆ ಸರಪಳಿ ಬೇಗ ಒಡೆಯುತ್ತದೆ. ಲ್ಯಾಕ್ಟಿಕ್ ಪಾಲು ಜಾಸ್ತಿಯಾದಷ್ಟೂ ನಿಧಾನ.

ಗುಂಡು ಮಾಡುವ ರೀತಿ ನನಗೆ ತುಂಬಾ ಇಷ್ಟ. ಪಾಲಿಮರ್ ಮತ್ತು ಔಷಧಿ ಎರಡನ್ನೂ ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ನೀರಿಗೆ ಹುಯ್ದು, ನೀರಿನಲ್ಲಿ ಎಣ್ಣೆ ಕಡೆದಂತೆ ಜೋರಾಗಿ ಕಲಕುತ್ತಾರೆ. ಹನಿಗಳು ಮತ್ತೆ ಒಂದಾಗದಂತೆ ನೀರಿಗೆ ಪಾಲಿವಿನೈಲ್ ಆಲ್ಕೋಹಾಲ್ ಬೆರೆಸಿರುತ್ತಾರೆ. ದ್ರಾವಕ ಆರಿದಂತೆ ಒಂದೊಂದು ಹನಿಯೂ ಕುಗ್ಗಿ ಗಟ್ಟಿ ಗುಂಡಾಗುತ್ತದೆ. ಐವರ್‌ಮೆಕ್ಟಿನ್ ನೀರಿನಲ್ಲಿ ಕರಗುವುದೇ ಕಡಿಮೆ. ಹಾಗಾಗಿ ಅದು ನೀರಿಗೆ ಸೋರದೆ ಹನಿಯಲ್ಲೇ ಉಳಿಯುತ್ತದೆ. ಎಷ್ಟು ಜೋರಾಗಿ ಕಲಕಿದರೆ ಅಷ್ಟು ಸಣ್ಣ ಗುಂಡು. ಸುಮ್ನೆ ಸಣ್ಣದಾದರೆ ಸಾಲದು. ಕೆಲವೇ ಮೈಕ್ರಾನ್ ಗಾತ್ರದ್ದನ್ನು ಬಿಳಿ ರಕ್ತಕಣಗಳು ನುಂಗಿಬಿಡುತ್ತವೆ. ತೀರಾ ದೊಡ್ಡದಾದರೆ ಸೂಜಿ ಕಟ್ಟಿಕೊಳ್ಳುತ್ತದೆ.

ಚುಚ್ಚಿದ ಮೊದಲ ದಿನಗಳಲ್ಲಿ ಗುಂಡಿನ ಮೇಲ್ಮೈಯಲ್ಲಿರುವ ಔಷಧಿ ಒಮ್ಮೆಲೇ ಹೊರಬರುತ್ತದೆ. ಗುಂಡಿನಲ್ಲಿ ರಂಧ್ರಗಳಿದ್ದರೆ ಇನ್ನೂ ಜಾಸ್ತಿ. ಸಂಶೋಧಕರು ಇದನ್ನು ತಗ್ಗಿಸಲು ಬಹಳ ಶ್ರಮ ಪಡುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ, ಕೊನೆಯಲ್ಲಿ ಔಷಧಿ ಹೇಗೆ ಮುಗಿಯುತ್ತದೆ ಎಂಬುದು. ತಿಂಗಳುಗಳ ನಂತರ ಔಷಧಿ ನಿಧಾನವಾಗಿ ಇಳಿಯುತ್ತಾ ಹೋದರೆ, ರಕ್ತದಲ್ಲಿ ಅರೆಬರೆ ಪ್ರಮಾಣ ವಾರಗಟ್ಟಲೆ ಉಳಿಯುತ್ತದೆ. ಅಷ್ಟು ಔಷಧಿಗೆ ದುರ್ಬಲ ಹುಳುಗಳು ಸಾಯುತ್ತವೆ. ತಡೆದುಕೊಳ್ಳಬಲ್ಲವು ಬದುಕಿ ಮೊಟ್ಟೆ ಇಡುತ್ತವೆ. ಔಷಧಿಗೆ ಜಗ್ಗದ ಹುಳುಗಳ ಸಂತತಿ ಹೆಚ್ಚುವುದು ಹೀಗೇ.

ಅಮೆರಿಕದಲ್ಲಿ ದನಗಳಿಗೆ ಬಳಸುವ ಲಾಂಗ್‌ರೇಂಜ್ ಎಂಬ ಎಪ್ರಿನೊಮೆಕ್ಟಿನ್ (ಐವರ್‌ಮೆಕ್ಟಿನ್ ಗುಂಪಿನದೇ ಔಷಧಿ) ಇಂಜೆಕ್ಷನ್ 100ರಿಂದ 150 ದಿನ ಕಾಯುತ್ತದೆ. ಅದರಲ್ಲಿರುವುದು ಗುಂಡಲ್ಲ. ಪಿಎಲ್‌ಜಿಎ ಚರ್ಮದಡಿ ಜೆಲ್ ಆಗಿ ಕೂರುತ್ತದೆ. ಪಾಲಿಮರ್ ಒಡೆಯುವಾಗ ಔಷಧಿಯ ಮಟ್ಟ ಮತ್ತೊಮ್ಮೆ ಏರಿ, ಆಮೇಲೆ ಇಳಿಯುತ್ತದೆ. ಗುಂಡುಗಳಲ್ಲಿ ಔಷಧಿ ಅರೆಬರೆಯಾಗಿ ವಾರಗಟ್ಟಲೆ ಎಳೆಯದೆ ಮುಗಿಯುವಂತೆ ಮಾಡುವುದೇ ದೊಡ್ಡ ಸವಾಲು.

ಇನ್ನೊಂದು ಮಾತು. ಒಮ್ಮೆ ಚುಚ್ಚಿದ ಗುಂಡುಗಳನ್ನು ವಾಪಸ್ ತೆಗೆಯಲಾಗದು. ನಾಯಿಗಳ ಹೃದಯಹುಳು ತಡೆಯಲು 6 ತಿಂಗಳು ಕಾಯುವ ಪ್ರೋಹಾರ್ಟ್ 6 ಎಂಬ ಇಂಜೆಕ್ಷನ್ ಇದೆ. ಅದರಲ್ಲಿ ಮಾಕ್ಸಿಡೆಕ್ಟಿನ್ ಎಂಬ ಔಷಧಿ ಇರುವುದು ಪಾಲಿಮರ್ ಬದಲು ಕೊಬ್ಬಿನ ಗುಂಡುಗಳಲ್ಲಿ. ಅಡ್ಡಪರಿಣಾಮಗಳ ವರದಿ ಬಂದು 2004ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದುಕೊಂಡರು. 2008ರಲ್ಲಿ ಕಟ್ಟುಪಾಡುಗಳೊಡನೆ ಮರಳಿತು. ದನಗಳ ವಿಷಯದಲ್ಲಿ ಹಾಲು, ಮಾಂಸಕ್ಕೆ ಔಷಧಿ ಸೇರುವ ಚಿಂತೆಯೂ ಇದೆ. ಐವರ್‌ಮೆಕ್ಟಿನ್ ಬಹುಪಾಲು ಸಗಣಿಯಲ್ಲಿ ಹೊರಹೋಗಿ ಸಗಣಿ ಹುಳುಗಳ ಮರಿಗಳಿಗೂ ಕಂಟಕವಾಗುತ್ತದೆ.

ಔಷಧಿಗೆ ಜಗ್ಗದ ಹುಳುಗಳು ಹೆಚ್ಚದಿರಲೆಂದೇ ಹಿಂಡಿನ ಕೆಲವು ಪ್ರಾಣಿಗಳಿಗೆ ಔಷಧಿ ಕೊಡದೆ ಬಿಡಬೇಕು ಎಂದು ಅನೇಕ ತಜ್ಞರು ಹೇಳುತ್ತಾರೆ. ಅವುಗಳ ಹೊಟ್ಟೆಯಲ್ಲಿ ಔಷಧಿಗೆ ಸಾಯುವ ಹುಳುಗಳು ಉಳಿಯುತ್ತವೆ. ಅವು ಜಗ್ಗದ ಹುಳುಗಳ ಜೊತೆ ಕೂಡಿದಾಗ, ಮುಂದಿನ ಪೀಳಿಗೆಯ ಮೇಲೂ ಔಷಧಿ ಕೆಲಸ ಮಾಡುವ ಸಾಧ್ಯತೆ ಉಳಿಯುತ್ತದೆ.